ಹತ್ತಿ ಗೋದಾಮಿನ ರೈಲು

ಯಲಬುರ್ಗಾ ಸೀಮೆಯ ಮಂಗಳೂರಿನಲ್ಲಿ ಕೊಟ್ರಬಸಪ್ಪ ಎಂಬ ಹತ್ತಿ ವ್ಯಾಪಾರಿ ಇದ್ದ. ಕೂತಲ್ಲಿ ಕೂರದ ಮನುಷ್ಯ. ಊಟಕ್ಕೆ ಕುಳಿತರೆ ಎರಡನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ ಎತ್ತು ನೋಡಿ ಬರುತ್ತಿದ್ದ. ಮಠದಲ್ಲಿ ಪುರಾಣ ನಡೆದಾಗ ಕಂಬದಿಂದ ಕಂಬಕ್ಕೆ ಜಾಗ ಬದಲಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಕಳಕಮ್ಮ, ಗಂಡನಿಗೆ ತನ್ನ ಮೇಲೇನೋ ಸಿಟ್ಟಿದೆ ಎಂದುಕೊಂಡು ಅತ್ತಿದ್ದಳು. ಸಿಟ್ಟಲ್ಲ, ಆತ ಇರುವುದೇ ಹಾಗೆ ಎಂದು ತಿಳಿಯಲು ಆಕೆಗೆ ಒಂದು ವರ್ಷ ಹಿಡಿಯಿತು.

೧೯೩೪ರ ಬೇಸಿಗೆಯಲ್ಲಿ ಹತ್ತಿ ಗಾಡಿಗಳ ಜೊತೆ ಆತ ಭಾನಾಪುರ ಸ್ಟೇಶನ್ನಿಗೆ ಹೋಗಿದ್ದ. ಹೊಸಪೇಟೆ ಕಡೆ ಹೋಗುವ ರೈಲುಗಾಡಿ ಬಂದು ನಿಂತಿತು, ಆದರೆ ಹೊರಡಲಿಲ್ಲ. ಅರ್ಧ ತಾಸಾಯಿತು. ಕೊಟ್ರಬಸಪ್ಪ ಸ್ಟೇಶನ್ ಮಾಸ್ತರರ ಬಾಗಿಲಿಗೆ ನಾಲ್ಕು ಸಲ ಹೋಗಿ ಬಂದ.

"ಯಾಕ ನಿಂತೈತ್ರಿ ಇದು?"

"ಒಂದ ಹಳಿ ಐತಿ, ಸಾವ್ಕಾರ. ಅತ್ತಲಾಗಿಂದ ಒಂದು ಬರಾಕತ್ತೈತಿ. ಅದು ಬಂದು ಬಾಜೂಕ ನಿಂತ ಮ್ಯಾಲ ಇದು ಹೊಕ್ಕೈತಿ. ಸುಮ್ನ ಕೂಡ್ರಿ" ಎಂದರು ಮಾಸ್ತರರು.

ಕೊಟ್ರಬಸಪ್ಪ ಕೂರಲಿಲ್ಲ, ಆದರೆ ನಿಂತ ಜಾಗದಿಂದ ಅಲುಗಲೂ ಇಲ್ಲ. ಎದುರಿನ ಗಾಡಿ ಬಂತು. ಹಳಿಯ ತುದಿಯೊಂದು ಗೇಣಿನಷ್ಟು ಸರಿಯಿತು, ಅಷ್ಟು ದೊಡ್ಡ ಗಾಡಿ ಹೇಳಿದ ಮಾತು ಕೇಳಿದ ಎತ್ತಿನಂತೆ ಪಕ್ಕದ ಹಳಿಗೆ ಹೊರಳಿತು. ಡ್ರೈವರನ ಕೈಯಿಂದ ಬೆತ್ತದ ದೊಡ್ಡ ಬಳೆಯೊಂದನ್ನು ಇಸಿದುಕೊಂಡು ಮಾಸ್ತರರು ಈ ಕಡೆಯ ಗಾಡಿಗೆ ಕೊಟ್ಟರು. ಆ ಬಳೆ ಕೈಯಲ್ಲಿ ಇಲ್ಲದೆ ಯಾವ ಗಾಡಿಯೂ ಮುಂದಿನ ಹಳಿಗೆ ಕಾಲಿಡುವ ಹಾಗಿಲ್ಲವಂತೆ.

ಮನೆಗೆ ಬಂದವನೇ ಇದ್ದಲಿಯಿಂದ ಗೋದಾಮಿನ ನೆಲದ ಮೇಲೆ ಅದನ್ನೆಲ್ಲ ಬರೆದ. ಮುಂಗಾರು ಬೀಳುವ ಹೊತ್ತು. ಹತ್ತಿಯೆಲ್ಲ ಹೋಗಿ ಗೋದಾಮು ಖಾಲಿಯಾಗಿತ್ತು. ಮರುದಿನ ಬಡಿಗೇರ ಮುದುಕಪ್ಪನನ್ನು ಕರೆಸಿದ.

"ಇದನ್ನ ಮಾಡಿಕೊಡು."

ಮುದುಕಪ್ಪ ನೆಲ ನೋಡಿದ. "ಇದು ಏನ್ರಿ, ಸಾವ್ಕಾರ್ರ?"

"ಭಾನಾಪುರ."

ಹತ್ತಿಯನ್ನು ಒತ್ತಿ ಕಟ್ಟಿದ ಮೂಟೆಗೆ, ಅಂದರೆ ಅಂಡಿಗೆಗೆ, ಬಿಗಿಯುವ ಕಬ್ಬಿಣದ ಪಟ್ಟಿಗಳ ಚೂರುಗಳು ಕೊಪ್ಪಳದ ಕಾರಖಾನೆಯ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವನ್ನು ಗಾಡಿಯಲ್ಲಿ ತಂದು, ಹಲಗೆಗೆ ಗೀರು ಹಾಕಿ ಅಂಚಿನ ಮೇಲೆ ನಿಲ್ಲಿಸಿದರೆ ಹಳಿಯಾಯಿತು. ಜಾಲಿ ಮರದ ಗಾಲಿಗೆ ಒಳಬದಿಯಲ್ಲಿ ತುಟಿಯಂಥ ಅಂಚೊಂದನ್ನು ಕಡೆದು ಬಿಟ್ಟ ಮೇಲೆ ಗಾಡಿ ಹಳಿ ಬಿಡಲಿಲ್ಲ. ಚಿಮಣಿ ಎಣ್ಣೆಯ ಡಬ್ಬಿಯ ತಗಡಿನಿಂದ ಎಂಜಿನ್ನು. ಎಳೆಯುವುದು ಹೇಗೆಂಬುದು ಮಾತ್ರ ಬಗೆಹರಿದಿರಲಿಲ್ಲ. ಅದಕ್ಕೆ ದಾರಿ ತೋರಿಸಿದವಳು ಪಕ್ಕದ ಮನೆಯ ಪಿಂಜಾರ ಕಾಸೀಮಬೀ. ತನ್ನ ಹಳೆಯ ನೂಲುವ ರಾಟಿ ತಂದಿಟ್ಟು, "ಹಲಗಿ ಕೆಳಗ ಹುರಿ ಹಾಯಿಸ್ರಿ, ನಾ ತಿರುವತೀನಿ" ಎಂದಳು.

ಮೊದಲ ವರ್ಷ ಭಾನಾಪುರ ಒಂದೇ ಇತ್ತು. ಮರುವರ್ಷ ತಳಕಲ್ಲು, ಬನ್ನಿಕೊಪ್ಪ, ಕೊಪ್ಪಳ ಕೂಡಿದವು. ನಾಲ್ಕನೆಯ ವರ್ಷಕ್ಕೆ ಗದುಗಿನಿಂದ ಹೊಸಪೇಟೆಯವರೆಗೆ ಪೂರ್ತಿ ದಾರಿ ಐವತ್ತು ಮೊಳದ ಗೋದಾಮನ್ನು ಮೂರು ಸುತ್ತು ಸುತ್ತಿತು. ನಾಲ್ಕು ರಾಟಿ, ಆರು ಗಾಡಿ. ಕೊಟ್ರಬಸಪ್ಪ ಪ್ರತಿ ಸ್ಟೇಶನ್ನಿಗೆ ಹೋಗಿ ಹೆಜ್ಜೆ ಹಾಕಿ ಅಳೆದು ಬಂದ. ಮುನಿರಾಬಾದಿನ ಹತ್ತಿರದ ಹೊಳೆಯ ಸೇತುವೆಯ ಕೆಳಗೆ ನಿಂತು ಕಂಬಗಳನ್ನು ಎಣಿಸಿದ.

ಕಟ್ಟುವುದು ಆತನಿಗೆ ಬರುತ್ತಿತ್ತು, ಓಡಿಸುವುದು ಬರುತ್ತಿರಲಿಲ್ಲ. ಎದುರಿನ ಗಾಡಿ ಬರುವವರೆಗೆ ಕಾಯಲು ಆಗುತ್ತಿರಲಿಲ್ಲ. "ಬಿಡು, ಬಿಡು" ಎಂದು ಕಾಸೀಮಬೀಗೆ ಕೂಗಿಬಿಡುತ್ತಿದ್ದ. ಒಂದೇ ಮಧ್ಯಾಹ್ನ ಮೂರು ಸಲ ಗಾಡಿಗಳು ಮುಖಾಮುಖಿ ಡಿಕ್ಕಿ ಹೊಡೆದವು. ಮುದುಕಪ್ಪ ಮುರಿದ ಗಾಲಿಗಳನ್ನು ಆರಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಳಕಮ್ಮ ಒಳಗೆ ಬಂದಳು.

"ನೀವು ಆ ಕಡೆ ಸರೀರಿ" ಎಂದಳು ಗಂಡನಿಗೆ. ಕೈಯಿಂದ ಹಸಿರು ಬಳೆಗಳನ್ನು ಬಿಚ್ಚಿ, ಎರಡೆರಡು ಸ್ಟೇಶನ್ನುಗಳ ನಡುವಿನ ಹಳಿಗೆ ಒಂದೊಂದರಂತೆ ಇಟ್ಟಳು. "ಈ ಬಳಿ ಯಾವ ಗಾಡಿ ಮ್ಯಾಲ ಐತಿ, ಅದಷ್ಟ ಹೋಗಬೇಕು. ಬಳಿ ಇಲ್ಲಂದ್ರ ಯಾರೂ ರಾಟಿ ಮುಟ್ಟಂಗಿಲ್ಲ."

ಅಂದಿನಿಂದ ಓಡಿಸುವವಳು ಆಕೆ. ಯಾವ ಗಾಡಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಯಾವುದಕ್ಕೆ ದಾರಿ ಬಿಡಬೇಕು, ಎಲ್ಲವನ್ನೂ ಬಾಯಿಪಾಠ ಮಾಡಿದಳು. ಆಕೆ ಗದುಗು ದಾಟಿ ಹೋದವಳಲ್ಲ. ಆದರೂ ಹಿತ್ತಾಳೆ ಲೋಟಕ್ಕೆ ಚಮಚ ಬಡಿದರೆ ಆರು ಗಾಡಿಗಳು ಆಕೆಯ ಮಾತು ಕೇಳುತ್ತಿದ್ದವು.

ನೋಡಲು ಜನ ಬರತೊಡಗಿದರು. ಇಟಗಿಯಿಂದ, ಕುಕನೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ರೈಲು ಹತ್ತಿದವರೂ ಬಂದರು, ಕಾಣದವರೂ ಬಂದರು. ಎಲ್ಲರೂ ಮೊದಲು ಹುಡುಕುತ್ತಿದ್ದುದು ತಮ್ಮ ಊರನ್ನು. "ನಮ್ಮ ಬಾವಿ ಎಲ್ಲೈತ್ರಿ ಇದರಾಗ?" ಎಂದು ಕೇಳುತ್ತಿದ್ದರು. ಬನ್ನಿಕೊಪ್ಪದ ಸ್ಟೇಶನ್ನಿನ ಬೇವಿನ ಮರವನ್ನು ಕಳಕಮ್ಮ ತಾನೇ ಇಡಿಸಿದಳು. ಆಮೇಲೆ ಬಾವಿ, ಗುಡಿ, ದರ್ಗಾ, ಕಣ, ಎಲ್ಲ ಬಂದವು. ಗಾಡಿ ತಮ್ಮೂರಿನ ಮುಂದೆ ಹಾಯ್ದುಹೋಗುವುದನ್ನು ದೊಡ್ಡವರು ಬಗ್ಗಿ ನಿಂತು ನೋಡುತ್ತಿದ್ದರು, ಅದು ಮತ್ತೆ ಬರುವವರೆಗೆ ಕದಲುತ್ತಿರಲಿಲ್ಲ.

ಕೊಟ್ರಬಸಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಸಂಕ್ರಾಂತಿ ದಾಟಿ ಹತ್ತಿ ಬರತೊಡಗಿದರೆ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೆ ಏರಿಸಬೇಕು. ಮುಂಗಾರಿಗೆ ಮತ್ತೆ ಇಳಿಸಬೇಕು. ಇಳಿಸಿದಾಗ ಹೋದ ವರ್ಷದ್ದು ಯಾವುದೂ ಸರಿ ಕಾಣದು. ಗಿಣಿಗೇರಿಯ ತಿರುವು ಇಷ್ಟು ಚೂಪಾಗಿಲ್ಲ, ಕೊಪ್ಪಳದ ಗುಡ್ಡ ಇನ್ನೂ ಹತ್ತಿರ ಬೇಕು. ಮುದುಕಪ್ಪ ಕಿತ್ತು ಹಾಕಿ ಮತ್ತೆ ಕೂಡಿಸುತ್ತಿದ್ದ. ಹದಿನಾಲ್ಕು ವರ್ಷ ಹೀಗೆಯೇ ನಡೆಯಿತು.

೧೯೪೮ರ ಮಳೆಗಾಲದಲ್ಲಿ ಸೀಮೆಯೆಲ್ಲ ಗದ್ದಲದಲ್ಲಿತ್ತು. ನಿಜಾಮರ ರಾಜ್ಯ ಉಳಿಯುತ್ತದೋ ಇಲ್ಲವೋ ಎಂಬ ಮಾತು. ಗಡಿಯಾಚೆ ನಿಜಾಮರ ವಿರುದ್ಧ ಹೋರಾಡುವವರ ಶಿಬಿರಗಳು ಎದ್ದಿದ್ದವು. ಗಡಿಯ ಸುಂಕದ ನಾಕೆಗಳ ಮೇಲೆ ಬೀಳುತ್ತಾರೆ, ಹಳಿ ಕೀಳುತ್ತಾರೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಅಂಥ ದಿನಗಳಲ್ಲಿ ಯಾರೋ ಪೊಲೀಸ್ ಠಾಣೆಗೆ ಹೋಗಿ, ಮಂಗಳೂರಿನ ಗೋದಾಮಿನಲ್ಲಿ ರೈಲುದಾರಿಯ ನಕ್ಷೆ ಇದೆ, ಪ್ರತಿ ಸೇತುವೆಯೂ ಅದರಲ್ಲಿದೆ ಎಂದು ಹೇಳಿಬಂದರು.

ಒಂದು ಬೆಳಿಗ್ಗೆ ನಾಲ್ಕು ಮಂದಿ ಜವಾನರೊಂದಿಗೆ ಠಾಣೆಯ ಮುಖ್ಯಸ್ಥನಾದ ಅಮೀನ ಬಂದ. ನಲವತ್ತರ ಆಸುಪಾಸಿನವ, ಕಣ್ಣಿಗೆ ನಿದ್ದೆ ಇರಲಿಲ್ಲ. ಗೋದಾಮಿನ ಬಾಗಿಲಲ್ಲೇ ನಿಂತು ಹಳಿಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿದ. ನಂತರ ಸೇತುವೆಯ ಬಳಿಗೆ ಹೋಗಿ ಬೆರಳಿಟ್ಟು ಕಂಬ ಎಣಿಸಿದ.

"ಎಷ್ಟು ಅಂತ ಯಾರು ಹೇಳಿದ್ರು?"

"ನಾನ ಎಣಿಸೀನ್ರಿ" ಎಂದ ಕೊಟ್ರಬಸಪ್ಪ. "ಕೆಳಗ ನಿಂತು."

ಜವಾನರು ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ರಬಸಪ್ಪ ಬಾಗಿಲಿಗೂ ಕಿಟಕಿಗೂ ತಿರುಗಾಡತೊಡಗಿದ. ಆತನ ಕೈಕಾಲು ನಿಲ್ಲಲೊಲ್ಲವು. ಅಮೀನನ ಕಣ್ಣು ಆತನ ಹಿಂದೆಯೇ ತಿರುಗುತ್ತಿತ್ತು. ಇದನ್ನು ಕಂಡ ಕಳಕಮ್ಮ ಗಂಡನ ತೋಳು ಹಿಡಿದು ಕಂಬಕ್ಕೆ ಒರಗಿಸಿ ಕೂರಿಸಿದಳು. ಹತ್ತು ಮಂದಿಯ ಎದುರಿಗೆ ಆಕೆ ಆತನನ್ನು ಮುಟ್ಟಿದ್ದು ಅದೇ ಮೊದಲು.

ಕಾಸೀಮಬೀ ಸೆರಗು ಎಳೆದುಕೊಂಡು ಮುಂದೆ ಬಂದು ಉರ್ದುವಿನಲ್ಲಿ ಹೇಳಿದಳು: ಸಾಹೇಬರೇ, ಇದು ಆಟ. ನಂಬಿಕೆ ಇಲ್ಲದಿದ್ದರೆ ಆಡಿ ತೋರಿಸುತ್ತೇವೆ.

"ತೋರಿಸ್ರಿ" ಎಂದ ಅಮೀನ.

ಕಳಕಮ್ಮ ಲೋಟ ಬಡಿದಳು. ಲೆಕ್ಕ ತಪ್ಪಲಿಲ್ಲ. ಗದುಗಿನಿಂದ ಒಂದು, ಹೊಸಪೇಟೆಯಿಂದ ಒಂದು ಹೊರಟವು. ಬಳೆಗಳು ಕೈ ಬದಲಾದವು. ಗದುಗಿನಿಂದ ಹೊರಟ ಗೂಡ್ಸು ಗಾಡಿ ತಳಕಲ್ಲಿನಲ್ಲಿ ನಿಂತಿತು. ಅಮೀನ ನಿಂತೇ ನೋಡುತ್ತಿದ್ದವನು ಮೆಲ್ಲಗೆ ಕುಕ್ಕರಗಾಲಿನಲ್ಲಿ ಕುಳಿತ. ಎದುರಿನ ಗಾಡಿ ಇನ್ನೂ ಬಂದಿರಲಿಲ್ಲ. ಕೊನೆಗೆ ಅದು ತಿರುವಿನಲ್ಲಿ ಕಾಣಿಸಿ, ಪಕ್ಕದ ಹಳಿಗೆ ಹೊರಳಿ ನಿಂತಾಗ ಅಮೀನ ಉಸಿರು ಬಿಟ್ಟ.

"ಇದು ಆಟ ಅಂತ ನನಗ ಗೊತ್ತಾತು" ಎಂದ ಏಳುತ್ತಾ. "ನನ್ನ ಹಿಂದ ಬರಾವರಿಗೆ ಗೊತ್ತಾಗೂದಿಲ್ಲ. ಹೊತ್ತು ಮುಣುಗೂದರಾಗ ಇದು ಇಲ್ಲಿರಬಾರದು. ನೀವೂ ಇರಬ್ಯಾಡ್ರಿ."

ಅವರು ಹೋದ ಮೇಲೆ ಬಿಚ್ಚಿದರು. ಕೊಟ್ರಬಸಪ್ಪ ಹಲಗೆ ಎತ್ತುವನು, ಇಳಿಸುವನು, ಮತ್ತೆ ಅದನ್ನೇ ಎತ್ತುವನು. ಕಡೆಗೆ ಕಳಕಮ್ಮ, "ನೀವು ಗಾಡಿ ಹೂಡ್ರಿ, ಇದನ್ನ ನಾವು ನೋಡತೀವಿ" ಎಂದು ಕಳಿಸಿದಳು. ಹಲಗೆಗಳು ಕಾಸೀಮಬೀಯ ಮನೆಯಲ್ಲಿ ಹಿಂಜಿದ ಹತ್ತಿಯ ಕೆಳಗೆ ಸೇರಿದವು. ಸೇತುವೆಯನ್ನು ಮುದುಕಪ್ಪ ತನ್ನ ಮನೆಗೆ ಒಯ್ದ. ಸಂಜೆ ಗಂಡ ಹೆಂಡತಿ ಗಡಿಯಾಚೆಯ ಗದುಗಿನ ದಾರಿ ಹಿಡಿದರು.

ಗದುಗಿನಲ್ಲಿ ಕಳಕಮ್ಮನ ತಮ್ಮನ ಮನೆಯಲ್ಲಿ ಎರಡೂವರೆ ತಿಂಗಳು ಇದ್ದರು. ಕೊಟ್ರಬಸಪ್ಪ ದಿನವೂ ಸ್ಟೇಶನ್ನಿಗೆ ಹೋಗಿ ನಿಲ್ಲುತ್ತಿದ್ದ. ಗಾಡಿ ಯಾವುದೂ ಹೊತ್ತಿಗೆ ಬರುತ್ತಿರಲಿಲ್ಲ. ತೀರ ತಡವಾದ ದಿನ ಮನೆಗೆ ಬಂದು ಅನ್ನ ಮುಟ್ಟುತ್ತಿರಲಿಲ್ಲ. "ಎಲ್ಲಿ ನಿಂತಿರಬೇಕು ಅದು?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಆಕೆ ಕಣ್ಣು ಮುಚ್ಚಿ ಯೋಚಿಸಿ, "ಹರ್ಲಾಪುರದಾಗ ಇದ್ದೀತು" ಎನ್ನುತ್ತಿದ್ದಳು.

ಗದ್ದಲ ಅಡಗಿ ಊರಿಗೆ ಮರಳಿದಾಗ ಹಲಗೆಗಳು ಹಾಗೆಯೇ ಇದ್ದವು. ಸೇತುವೆ ಮಾತ್ರ ಇರಲಿಲ್ಲ. ಮುದುಕಪ್ಪ ತಲೆ ತಗ್ಗಿಸಿ ಬಂದ.

"ಅಂಜಿಕಿ ಆತ್ರಿ, ಸಾವ್ಕಾರ್ರ. ಒಲಿಗೆ ಹಾಕಿದೆ."

"ಹೋಗಲಿ ಬಿಡು" ಎಂದ ಕೊಟ್ರಬಸಪ್ಪ. "ಈ ಸಲ ಹೊಸಪ್ಯಾಟಿಗೆ ಹೋಗೂದು ಬ್ಯಾಡ. ಕುಷ್ಟಗಿಗೆ ಹೋಗೂಣು."

ಕುಷ್ಟಗಿಗೆ ರೈಲು ಇರಲಿಲ್ಲ. ಬರುತ್ತದೆ ಎಂಬ ಮಾತು ಆಗಾಗ ಎದ್ದು ತಣ್ಣಗಾಗುತ್ತಿತ್ತು, ಅಷ್ಟೇ. ತಳಕಲ್ಲಿನಿಂದ ಕುಕನೂರು, ಯಲಬುರ್ಗಾ, ಕುಷ್ಟಗಿ ಎಂದು ಆತ ನೆಲದ ಮೇಲೆ ಗೀಟು ಎಳೆದ. ಎಳೆಯುವುದರೊಳಗೆ ನಾಲ್ಕು ಸಲ ಅಳಿಸಿದ. ಅಳೆದು ಬರಲು ಅಲ್ಲಿ ಹಳಿಯೇ ಇಲ್ಲ. ಓಡಿಸಲು ವೇಳಾಪಟ್ಟಿಯೂ ಇಲ್ಲ. ಅದನ್ನು ಕಳಕಮ್ಮ ತಾನೇ ಕಟ್ಟಬೇಕಾಯಿತು. ಎರಡು ಗಾಡಿ ಎಲ್ಲಿ ಭೇಟಿಯಾಗಬೇಕು ಎಂಬುದಕ್ಕೆ ನೋಡಲು ಬಂದ ಕುಕನೂರಿನವರಿಗೂ ಯಲಬುರ್ಗಾದವರಿಗೂ ಗೋದಾಮಿನಲ್ಲೇ ಜಗಳ ಹತ್ತಿತು.

ಹಳಿ ಯಲಬುರ್ಗಾ ಮುಟ್ಟುವುದರೊಳಗೆ ಹತ್ತಿ ಗಾಡಿಗಳು ಬಂದು ಅಂಗಳದಲ್ಲಿ ನಿಂತವು. ಕೊಟ್ರಬಸಪ್ಪ ಬಿಚ್ಚಲು ಬಗ್ಗಿದ.

"ಎರಡು ದಿನ ಹತ್ತಿ ಹೊರಗ ಇರಲಿ, ಮಳಿ ಏನು ಬರಂಗಿಲ್ಲ" ಎಂದಳು ಕಳಕಮ್ಮ. "ಕುಷ್ಟಗಿ ಮುಟ್ಟಸ್ರಿ."

ಎರಡನೆಯ ದಿನ ಮಧ್ಯಾಹ್ನ ಮುದುಕಪ್ಪ ಕೊನೆಯ ಪಟ್ಟಿ ಬಡಿದ. ಕಾಸೀಮಬೀ ರಾಟಿ ತಿರುವಿದಳು. ಗಾಡಿ ಯಲಬುರ್ಗಾ ಬಿಟ್ಟು ಕುಷ್ಟಗಿಯ ಕಡೆ ಹೊರಟಿತು. ಕಳಕಮ್ಮ ಲೋಟ ಹಿಡಿದು ಗಂಡನ ಕಡೆ ನೋಡಿದರೆ ಆತ ಅಲ್ಲಿರಲಿಲ್ಲ. ಅಂಗಳದಲ್ಲಿ ಹತ್ತಿ ಗಾಡಿಗಳ ಹಗ್ಗ ಬಿಚ್ಚುತ್ತಾ, "ಮುಟ್ಟಿತೇನು? ಮುಟ್ಟಿತೇನು?" ಎಂದು ಅಲ್ಲಿಂದಲೇ ಕೇಳುತ್ತಿದ್ದ.