ಕುಂಟುವ ಕಾಲಿಗೆ ತಾಳ ಹೂಡುವ ಅಕ್ಕ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಅಂಚಿನಲ್ಲೇ ಇದೆ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ, ಎರಡು ಕಂಬಿಗಳನ್ನು ಹಿಡಿದು ದರ್ಜಿಯೊಬ್ಬರು ನಿಂತಿದ್ದಾರೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಎಡಗಾಲು ಹೇಳಿದ ಮಾತು ಕೇಳುತ್ತಿಲ್ಲ. ಕಂಬಿಗಳ ಆ ತುದಿಯಲ್ಲಿ ಅವರ ಹೆಂಡತಿ. ಮೂಲೆಯ ಮೇಜಿನ ಮುಂದೆ ಕುಳಿತ ಹೆಂಗಸಿನ ಕಣ್ಣು ಮಾತ್ರ ದರ್ಜಿಯ ಪಾದಗಳ ಮೇಲೆ. ಇಲ್ಲಿ ಎಲ್ಲರಿಗೂ ಆಕೆ ‘ತಾಳದಕ್ಕ’.

ಆಕೆಯ ಮುಂದಿರುವುದು ಸೀಕ್ವೆನ್ಸರ್, ತಾನೇ ತಾಳ ನುಡಿಸುವ, ಮೂಲೆ ಸವೆದ ಸಾಲುಗುಂಡಿಗಳ ಪೆಟ್ಟಿಗೆ. ಒತ್ತಿಟ್ಟ ಗುಂಡಿಯ ಸರದಿ ಬಂದಾಗಲೆಲ್ಲ ಸ್ವರ ನುಡಿಯುತ್ತದೆ. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಒಂದು ತಿರುಪು ಸ್ವರದ ಉದ್ದವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇನ್ನೊಂದು, ಎರಡನೇ ಪೆಟ್ಟನ್ನು ತುಸು ತಡವಾಗಿಸಿ ತಾಳಕ್ಕೆ ಓಲಾಟ ಕೊಡುತ್ತದೆ.

ಮೊದಲು ಆಕೆ ಇದೇ ಪೆಟ್ಟಿಗೆಯಿಂದ ವಾದ್ಯತಂಡವೊಂದರಲ್ಲಿ ಜನರನ್ನು ಕುಣಿಸುತ್ತಿದ್ದಳು. ತಂಡದ ಗಾಯಕಿ ಆಕೆಯ ತಂಗಿ. ಅವಳು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ತಂಡ ಚದುರಿತು. ತಂಗಿಯನ್ನು ನಡೆಸೋಣವೆಂದು ಆಕೆ ಮನೆಯಲ್ಲೇ ತಾಳ ಹಾಕಿದರೆ, ಅವಳು ಗೋಡೆ ಹಿಡಿದು ನಿಂತುಬಿಟ್ಟಳಂತೆ.

“‘ಅಕ್ಕಾ, ಅದು ನನ್ನ ಬಿಟ್ಟು ಓಡ್ತಾ ಇದೆ’ ಅಂದಳು. ಆಗ ಹೊಳೀತು. ಮೊದಲು ತಾಳ ಅವಳ ಜೊತೆ ಕುಂಟಬೇಕು.”

ಪೆಟ್ಟನ್ನು ತಡವಾಗಿಸಿದಳು. ತಂಗಿ ಅಡುಗೆಮನೆಯವರೆಗೆ ನಡೆದಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ವೈದ್ಯೆ ಅದನ್ನು ಕಂಡು, ಪೆಟ್ಟಿಗೆಯ ಸಮೇತ ಆಕೆಯನ್ನು ಇಲ್ಲಿಗೆ ಕರೆತಂದರು.

ದರ್ಜಿ ಹೆಜ್ಜೆ ಎತ್ತುತ್ತಾರೆ, ತಡವರಿಸುತ್ತಾರೆ. “ಇಷ್ಟು ವರ್ಷ ಹೊಲಿಗೆ ಮಷೀನ್ ತುಳಿದ ಕಾಲು,” ಎಂದು ನಗಲು ನೋಡುತ್ತಾರೆ, “ಈಗ ನನ್ನನ್ನೇ ತುಳೀತಾ ಇದೆ.”

“ತಾಳದ್ದೇ ತಪ್ಪು, ಅಣ್ಣಾ. ತಡೀರಿ,” ಎನ್ನುತ್ತಾಳೆ ತಾಳದಕ್ಕ. ಬೆರಳು ತಿರುಪಿನ ಮೇಲೆ ಕೂದಲೆಳೆಯಷ್ಟು ಸರಿಯುತ್ತದೆ. ಟಕ್ಕೆಂದು ತುಂಡಾಗುತ್ತಿದ್ದ ಸ್ವರ ಈಗ ಮೆಲ್ಲಗೆ ಎಳೆದುಕೊಳ್ಳುತ್ತದೆ. “ಸ್ವರ ಪಟ್ಟನೆ ನಿಂತ್ರೆ ಕಾಲೂ ನಿಂತುಬಿಡುತ್ತೆ. ಎಳೆದ್ರೆ, ಪಾದ ಇಳಿಯೋವರೆಗೂ ಕೆಳಗೆ ನೆಲ ಇದೆ ಅಂತ ಧೈರ್ಯ.”

ಎಡಗಾಲು ಏಳುತ್ತದೆ. ಸ್ವರ ಅದಕ್ಕಾಗಿ ಕಾಯುತ್ತದೆ. ಪಾದ ಊರುತ್ತದೆ. ಮತ್ತೊಂದು, ಇನ್ನೊಂದು. ದರ್ಜಿಯ ಕೈ ಯಾವಾಗ ಕಂಬಿ ಬಿಟ್ಟಿತೋ ಅವರಿಗೇ ತಿಳಿಯದು. ಕೊನೆಗೆ ಕೈಗೆ ಸಿಕ್ಕುವುದು ಹೆಂಡತಿಯ ಹೆಗಲು. ತಾಳದಕ್ಕ ಮಾತ್ರ ಇನ್ನೂ ಪಾದಗಳನ್ನೇ ನೋಡುತ್ತಿದ್ದಾಳೆ.

ವಾರಗಳು ಕಳೆದಂತೆ ಆ ಓಲಾಟವನ್ನು ಆಕೆ ಚೂರುಚೂರೇ ಕಳೆಯುತ್ತಾಳೆ. ತಾಳ ನೇರವಾದಂತೆ ನಡಿಗೆಯೂ ನೇರವಾಗಬೇಕು. ಕೊನೆಗೊಂದು ದಿನ ಸದ್ದನ್ನೇ ನಿಲ್ಲಿಸುತ್ತಾಳೆ; ತಾಳವಿಲ್ಲದೆಯೂ ಕಾಲು ನಡೆಯಬೇಕು. ಎಲ್ಲರಿಗೂ ಇದು ಕೈಗೂಡುವುದಿಲ್ಲ. ಕೆಲವರು ಗಾಲಿಕುರ್ಚಿಯಲ್ಲೇ ಮನೆಗೆ ಮರಳುತ್ತಾರೆ. ಅಂಥ ದಿನ ಆಕೆಗೆ ಊಟ ಸೇರುವುದಿಲ್ಲ.

ಏನಾದರೂ ಆಸೆ ಉಂಟೇ ಎಂದರೆ ಪೆಟ್ಟಿಗೆಯ ಧೂಳು ಒರೆಸುತ್ತ ಹೇಳುತ್ತಾಳೆ: “ಮೊನ್ನೆ ರಸ್ತೇಲಿ ಒಬ್ಬರು ಬಸ್ಸಿನ ಹಿಂದೆ ಓಡ್ತಿದ್ರು. ಇಲ್ಲೇ ನಡೆಯೋಕೆ ಕಲಿತವರು. ನನ್ನ ಪಕ್ಕದಲ್ಲೇ ಹೋದ್ರು, ನನ್ನ ಗುರುತೇ ಹಿಡೀಲಿಲ್ಲ. ಬಸ್ಸು ಸಿಕ್ತು ಅವರಿಗೆ. ಎಲ್ಲರಿಗೂ ಹಾಗೇ ಸಿಗ್ಲಿ.”