ಬೈಯುವ ಹಕ್ಕು

ಬೆಳಗಿನ ಪೂಜೆ ಮುಗಿಸಿ ಅಂಗಳಕ್ಕೆ ಬಂದಾಗ ನಮ್ಮ ಮನೆಯೊಡತಿಯ ಹಣೆಯ ವಿಭೂತಿ ಇನ್ನೂ ಹಸಿಯಾಗಿರುತ್ತಿತ್ತು. ಮಾತಾಡುತ್ತ ಅದು ಒಣಗಿ, ಹುಬ್ಬು ಗಂಟಿಕ್ಕಿದಾಗಲೆಲ್ಲ ಪುಡಿಯಾಗಿ ಮೂಗಿನ ಮೇಲೆ ಉದುರುತ್ತಿತ್ತು. ನನ್ನೊಡನೆ ಅವರು ಮಾತಾಡಿದ್ದು ಹೆಚ್ಚಾಗಿ ಹುಬ್ಬು ಗಂಟಿಕ್ಕಿಕೊಂಡೇ.

ಹರಪನಹಳ್ಳಿಗೆ ಶಿಕ್ಷಕಿಯಾಗಿ ಬಂದಾಗ ಅವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ದೀಪ ಹಚ್ಚುವುದರೊಳಗೆ ಮನೆ ಸೇರಬೇಕು, ಬೋಳು ಹಣೆಯಲ್ಲಿ ಓಣಿಗೆ ಇಳಿಯಬಾರದು, ಮೊಟ್ಟೆಯ ವಾಸನೆಯೂ ಬರಕೂಡದು. ನಾನು ಒಳಗೊಳಗೇ ಸಿಡುಕುತ್ತಿದ್ದೆ. ಆದರೂ ಅವರ ಪಡಸಾಲೆಯಲ್ಲಿ ಸೋಮವಾರದ ಹೆಂಗಸರ ಭಜನೆ ಮುಗಿದ ಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ ನನ್ನ ಬಾಗಿಲಿಗೆ ತಪ್ಪದೆ ಬರುತ್ತಿತ್ತು.

ಒಮ್ಮೆ ನೀಲಗುಂದದಲ್ಲಿ ತರಬೇತಿ ಮುಗಿಸಿ ಬರುವಾಗ ಬಸ್ಸು ತಪ್ಪಿತು. ನಮ್ಮ ಶಾಲೆಯ ಮುಸ್ಲಿಂ ಮೇಷ್ಟ್ರೊಬ್ಬರು ತಮ್ಮ ಬೈಕಿನಲ್ಲಿ ಮನೆವರೆಗೆ ಬಿಟ್ಟುಹೋದರು. ಯಾರು ಫೋಟೋ ತೆಗೆದರೋ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಅದು ಊರಿನ ಫೋನುಗಳಲ್ಲೆಲ್ಲ ಹರಿದಾಡುತ್ತಿತ್ತು, ಕೆಳಗೆ ಓದಲಾಗದಂಥ ಮಾತುಗಳೊಡನೆ. ಸಂಜೆ ಮನೆಗೆ ಬರುವಾಗ ಎದುರಾದವರೆಲ್ಲ ಅದನ್ನು ನೋಡಿದ್ದಾರೆ ಅನ್ನಿಸಿ ತಲೆ ತಗ್ಗಿಸಿ ಬಿರಬಿರನೆ ನಡೆದೆ.

ಮನೆಯೊಡತಿ ಕಾಯುತ್ತಿದ್ದರು. ಅವರ ಮಗ ಫೋಟೋ ಆಗಲೇ ತೋರಿಸಿದ್ದ.

'ಖರೇ ಹೇಳು, ಏನಾರ ಐತಾ?'

ಏನೂ ಇಲ್ಲವೆಂದೆ. ಪರಗಂಡಸಿನ ಗಾಡಿ ಹತ್ತಿದ್ದೇ ತಪ್ಪೆಂದು ಬೈಯತೊಡಗಿದರು. ಅದು ಮುಗಿಯುವ ಮೊದಲೇ ಓಣಿಯ ಕೆಲವು ಹುಡುಗರು ಕಟ್ಟೆಯ ಮುಂದೆ ಬಂದು ನಿಂತರು. ನಾನು ಕೋಣೆ ಹೊಕ್ಕು ಚಿಲಕ ಹಾಕಿಕೊಂಡೆ. ಇಂಥವಳನ್ನು ಮನೆಯಲ್ಲಿಟ್ಟುಕೊಂಡರೆ ಧರ್ಮದ ಗತಿಯೇನು, ಇವತ್ತೇ ಖಾಲಿ ಮಾಡಿಸಿ, ಇಲ್ಲದಿದ್ದರೆ ನಾವೇ ಹೊರಗೆ ಕರೆಸಿ ವಿಚಾರಿಸುತ್ತೇವೆ ಎನ್ನುತ್ತಿದ್ದರು. ಮನೆಯೊಡತಿಯ ದನಿಯೇ ಬರಲಿಲ್ಲ. ಒಪ್ಪಿಬಿಟ್ಟರೆಂದುಕೊಂಡು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ.

ಆಮೇಲೆ ಕೇಳಿಸಿತು: 'ಆಕಿ ನನ್ನ ಮನ್ಯಾಗ ಅದಾಳ. ತಪ್ಪು ಮಾಡಿದ್ರ ಬಯ್ಯಾಕ ನಾನದೀನಿ. ನೀವು ಯಾರು ಆಕಿಗೆ?'

ಒಬ್ಬ ಮೆಟ್ಟಿಲು ಹತ್ತಿದ ಸದ್ದಾಯಿತು.

'ಒಳಗ ಹೋಗಬೇಕಂದ್ರ ನನ್ನ ದಾಟಿ ಹೋಗ್ರಿ.'

ಯಾರೂ ದಾಟಲಿಲ್ಲ. ಹುಡುಗರು ಹೋದ ಮೇಲೆ ಬಾಗಿಲು ತೆಗೆದರೆ, ಅವರು ಕಂಬ ಹಿಡಿದು ಕುಸಿದು ಕೂತಿದ್ದರು. ನಾನು ನೀರು ತಂದುಕೊಟ್ಟೆ. ನಾಳೆ ಮತ್ತೆ ಬಂದರೆ ಏನು ಮಾಡುವುದೆಂದು ಅವರೇ ನನ್ನನ್ನು ಕೇಳಿದರು.

ಹುಡುಗರು ಬರಲಿಲ್ಲ. ಆದರೆ ಸೋಮವಾರ ಭಜನೆಯ ಹೆಂಗಸರೂ ಬರಲಿಲ್ಲ. ತನ್ನ ಅಂಗಡಿಯ ವ್ಯಾಪಾರ ಕೆಡುತ್ತದೆಂದು ಮಗ ತಾಯಿಯ ಜೊತೆ ಮಾತು ಬಿಟ್ಟ. ಮನೆಯೊಡತಿ ಒಬ್ಬರೇ ತಾಳ ಹಿಡಿದು ಹಾಡುತ್ತಿದ್ದುದು ನನ್ನ ಕೋಣೆಗೆ ಕೇಳುತ್ತಿತ್ತು. ತಡೆಯಲಾಗದೆ, ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದೆ.

'ಈಗ ಹೋದ್ರ ಅವರು ಹೇಳಿದ್ದು ಖರೇ ಆಗತೈತಿ. ಸುಮ್ನಿರು,' ಎಂದು ಗದರಿದರು.

ಎಷ್ಟೋ ದಿನಗಳ ಮೇಲೆ ಒಬ್ಬೊಬ್ಬರಾಗಿ ಹೆಂಗಸರು ಮರಳಿದರು. ಮನೆಯೊಡತಿ ಮಾತ್ರ ಬೈಕಿನ ವಿಷಯವನ್ನು ಕೊನೆವರೆಗೂ ಕ್ಷಮಿಸಲಿಲ್ಲ. ಏನಾದರೂ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ. 'ಇನ್ನೂ ಜೋರು ಬೈತಿದ್ದೆ. ಅವರನ್ನ ಒಳಗ ಬಿಡತಿರಲಿಲ್ಲ,' ಎಂದರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹಿರೇಹಡಗಲಿಯ ಶಾಲೆಯಲ್ಲಿದ್ದೆ. ಹೋಗಿ ಬಾಗಿಲಲ್ಲೇ ಅಳುಕಿ ನಿಂತೆ. ಮಗ ಎದ್ದುಬಂದು ಅವರ ದೇಹಕ್ಕೆ ಏರಿಸಲು ಬಿಲ್ವಪತ್ರೆ ಕೈಗಿತ್ತ. 'ಮುಂದ ಬರ್ರಿ ಟೀಚರ್. ಮನಿ ಮಂದಿ ಅಂದ್ರ ಅವ್ವ ನಿಮ್ಮನ್ನೂ ಹಿಡದೇ ಹೇಳತಿದ್ಲು.'

ಆವತ್ತು ಅವರು ಪಕ್ಕಕ್ಕೆ ಸರಿದಿದ್ದರೆ ಕೆಲಸ ಬಿಟ್ಟು ತವರಿಗೆ ಓಡಿರುತ್ತಿದ್ದೆ. ಮತ್ತೆಂದೂ ಒಂದು ಮಗುವಿನ ಮುಂದೆ ನಿಂತು ಪಾಠ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.