ಹಿತ್ತಲಿನ ಗುರಿಗಂಬ

ಹಾಲು ಕಾಯಿಸಿ, ಗಂಡನ ಡಬ್ಬಿ ಕಟ್ಟಿಟ್ಟು, ಹಿತ್ತಲಿನಲ್ಲಿ ನೂರು ಏಟು ಹೊಡೆದು ಬಂದೆ. ಬೀದರಕ್ಕೆ ಬಂದಾಗಿನಿಂದ ನನ್ನ ಬೆಳಗು ಹೀಗೇ. ಮಂಗಳೂರಿನಲ್ಲಿ ನಾನು ಕೆಂಡೊ ಕಲಿತಿದ್ದೆ. ಅದು ಜಪಾನಿನ ಕತ್ತಿವರಸೆ. ಬಿದಿರು ಪಟ್ಟಿಗಳ ಕತ್ತಿಗೆ ಶಿನಾಯ್ ಎನ್ನುತ್ತಾರೆ. ಅಲ್ಲಿ ಎದುರಿಗೆ ಗೆಳತಿ ನಿಲ್ಲುತ್ತಿದ್ದಳು. ಇಲ್ಲಿ ಯಾರೂ ಇಲ್ಲವೆಂದು ಹಳೆಯ ಸ್ಕೂಟರ್ ಟೈರನ್ನು ಕಂಬಕ್ಕೆ ಬಿಗಿದು, ಗಾಂಧಿ ಗಂಜ್ ಮಾರುಕಟ್ಟೆಯಿಂದ ತಂದ ತೊಗರಿ ಚೀಲ ಸುತ್ತಿ ಗುರಿಗಂಬ ಮಾಡಿಕೊಂಡಿದ್ದೆ. ಕೆಂಡೊದಲ್ಲಿ ಪ್ರತಿ ಏಟಿಗೂ ಹೊಟ್ಟೆಯಿಂದ ಕೂಗಬೇಕು. ಗೋಡೆ ಎತ್ತರವಿದ್ದುದರಿಂದ ಕಂಬ ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಪಕ್ಕದಲ್ಲೇ ಇರುವ ಮನೆಯೊಡತಿ ನೀಲಮ್ಮ, ಔರಾದ ಕಡೆಯ ಎಕಂಬಾದವರು, ಅಂದು ನೇರ ಅಡುಗೆಮನೆಗೇ ಬಂದರು. ದಿನದಂತೆ ‘ಶರಣಾರ್ಥಿ’ ಎನ್ನಲಿಲ್ಲ. ನನ್ನ ಕೈ ಹಿಡಿದು ಬಳೆ ಸರಿಸಿದರು. ಟೈರಿನಿಂದ ಪುಟಿದ ಶಿನಾಯ್ ತಗುಲಿದ ನೀಲಿ ಗುರುತು ಅಲ್ಲಿತ್ತು.

“ಎಷ್ಟ್ ದಿನಾ ಮುಚ್ಚಿಡ್ತೀರಿ? ದಿನಾ ಮುಂಜಾನಿ ದಪ್ ಅಂತದ, ನೀವು ಚೀರ್ತೀರಿ.”

“ಅಯ್ಯೋ ಅಮ್ಮ, ಅವರು ಹೊಡೆಯುವುದಿಲ್ಲ.”

“ನಮ್ಮಕ್ಕನೂ ಹಿಂಗೇ ಅಂತಿದ್ಳು.”

ಹೊರಗೆ ಬಂದು ನೋಡಿದರೆ, ಗೇಟಿನಲ್ಲಿ ಅವರ ಮೈದುನ, ಗಂಜಿನ ಹಮಾಲ ಶಿವರಾಜ, ನನ್ನ ಗಂಡನ ಬೈಕಿನ ಕೀಲಿ ಕಸಿದುಕೊಂಡಿದ್ದರು. “ನಿಮ್ಮ ಮನಿ ಬಾಯೋರು ಬಂದು ಹೇಳೋತನಕ ಎಲ್ಲಿಗೂ ಹೋಗಂಗಿಲ್ರಿ ಸಾಹೇಬ.” ಸುತ್ತ ನಾಲ್ಕು ಜನ ಸೇರಿದ್ದರು. ನನ್ನವರ ಮುಖ ಬಿಳಿಚಿತ್ತು.

ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದೆ. ಶಿನಾಯ್ ಎತ್ತಿ ಹೊಡೆದೆ. ದನಿ ಬರಲಿಲ್ಲ. ಗಂಡಸರೆದುರು ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಗಂಟಲಲ್ಲೇ ಕುಳಿತಿತ್ತು.

“ದಪ್ ಅಂತೂ ಅಂತು. ಚೀರೋದೆಲ್ಲಿ?” ಎಂದರು ಶಿವರಾಜ. ಅವರ ಕೈ ಆಗಲೇ ನನ್ನವರ ಭುಜದ ಮೇಲಿತ್ತು.

ಆ ಕೈ ನೋಡಿಯೇ ಕೂಗಿದೆ. ಮತ್ತೆ ಹೊಡೆದೆ, ಮತ್ತೆ ಕೂಗಿದೆ. ನೀಲಮ್ಮ ಕಂಬದ ಚೀಲ ಮುಟ್ಟಿ ನೋಡಿದರು.

“ಟೈರಿಗಿ ಹೊಡಿಲಾಕ ಇಷ್ಟ್ ಚೀರ್ಬೇಕೇನ್ರಿ? ಶಿವ್ಯಾ, ಕೀಲಿ ಕೊಡು. ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ, ಚಾ ಕುಡದು ಹೋಗ್ರಿ.”

ಮಂಗಳೂರಿನ ಫ್ಲ್ಯಾಟಿನಲ್ಲಿ ಮೂರು ವರ್ಷ ಟೆರೇಸಿನ ಮೇಲೆ ಹೀಗೇ ಕೂಗಿದ್ದೆ. ಏನೆಂದು ಒಬ್ಬರೂ ಬಂದು ಕೇಳಲಿಲ್ಲ, ಅದನ್ನು ಸಭ್ಯತೆ ಎಂದುಕೊಂಡಿದ್ದೆ. ಏಟು ನಿಜವೇ ಆಗಿದ್ದರೂ ಅಲ್ಲಿ ಬಾಗಿಲು ತಟ್ಟುತ್ತಿದ್ದರೋ ಇಲ್ಲವೋ. ಆದರೂ ಇಲ್ಲಿ ಯಾರಾದರೂ ಬಂದು ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡುವಾಗ, ಆ ಮುಚ್ಚಿದ ಬಾಗಿಲೇ ಬೇಕೆನಿಸುತ್ತದೆ.

ಸಂಜೆ ನೀಲಮ್ಮ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತದೆಯೇ ಅಂದರು:

“ನಿಮ್ಮೂರಿಗಿ ಹೋಗೋದಿದ್ರ ಹೇಳಿ ಹೋಗ್ರಿ. ಒಂದಿನ ಸಪ್ಪಳ ಬರಲಿಲ್ಲಂದ್ರ ಮತ್ತ ಬರಬೇಕಾಗ್ತದ ನಾವು.”